ಕೊಡೆ ಮಾಡುವ ಬೀಡಿ ಸಂಘ

ಬಂಟ್ವಾಳ ತಾಲ್ಲೂಕಿನ ನಮ್ಮ ಹಳ್ಳಿಯಲ್ಲಿ ಮಧ್ಯಾಹ್ನ ಊಟದ ಹೊತ್ತು ಕಳೆದ ಮೇಲೆ ಯಾವ ಮನೆಯ ಜಗಲಿಗೆ ಹೋದರೂ ಒಂದೇ ನೋಟ. ಹೆಂಗಸರು ಕಾಲು ಚಾಚಿ ಕೂತಿರುತ್ತಾರೆ. ಮಡಿಲಲ್ಲಿ ಮೊರ, ಮೊರದಲ್ಲಿ ಅಳತೆಗೆ ಕತ್ತರಿಸಿದ ಎಲೆ, ಹೊಗೆಸೊಪ್ಪಿನ ಪುಡಿ, ನೂಲಿನ ಉಂಡೆ. ಟಿ.ವಿ.ಯಲ್ಲಿ ಧಾರಾವಾಹಿ ಓಡುತ್ತಿರುತ್ತದೆ. ಕಣ್ಣು ಅಲ್ಲಿ, ಬೆರಳು ಇಲ್ಲಿ. ನನ್ನ ಅಮ್ಮ ಆ ಮೊರದ ಮುಂದೆ ಕೂತು ಮೂವತ್ತೈದು ವರ್ಷಗಳ ಮೇಲಾಯಿತು. ಅಜ್ಜಿಗೆ ಎಲೆ ಕತ್ತರಿಸಿ ಕೊಡುತ್ತಾ ಕಲಿತವಳು.

ಬೀಡಿ ಕಟ್ಟುವುದು ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಬೇಕು. ಎಲೆ, ಹೊಗೆಸೊಪ್ಪು ಎರಡನ್ನೂ ಬ್ರಾಂಚಿನಲ್ಲಿ ತೂಗಿ ಕೊಡುತ್ತಾರೆ. ಮನೆಯಲ್ಲಿ ಎಲೆಯನ್ನು ನೆನೆಸಿ, ಕತ್ತರಿಸಿ, ಸುತ್ತಿ, ನೂಲು ಕಟ್ಟಿ, 25ರ ಕಟ್ಟು ಮಾಡಿ ವಾಪಸ್ ಒಯ್ಯಬೇಕು. ಮಜೂರಿ ಸಾವಿರ ಬೀಡಿಗೆ ಇಷ್ಟು ಅಂತ. ದಿನಕ್ಕೆ, ಗಂಟೆಗೆ ಎನ್ನುವ ಲೆಕ್ಕ ಇಲ್ಲ. ಎಲೆ ತೂತು ಬಿದ್ದದ್ದೋ ಒಣಗಿದ್ದೋ ಆಗಿದ್ದರೆ ಕೊಟ್ಟ ತೂಕದಲ್ಲಿ ಸಾವಿರ ಬೀಡಿ ಬರುವುದಿಲ್ಲ. ಆಗ ಕೈಯಿಂದ ದುಡ್ಡು ಹಾಕಿ ಅಂಗಡಿಯಿಂದ ಎಲೆ ತಂದು ಲೆಕ್ಕ ತುಂಬಿಸಬೇಕು. ಇಷ್ಟೆಲ್ಲ ಆಗಿ ಬ್ರಾಂಚಿಗೆ ಕೊಂಡುಹೋದರೆ, ಅಲ್ಲಿ ಕೂತವರು ಕಟ್ಟುಗಳನ್ನು ಕೈಯಲ್ಲಿ ಒತ್ತಿ ನೋಡಿ ಒಂದಷ್ಟನ್ನು ಬದಿಗೆ ಹಾಕುತ್ತಾರೆ. ಬದಿಗೆ ಬಿದ್ದದ್ದಕ್ಕೆ ಮಜೂರಿ ಇಲ್ಲ. ಎಷ್ಟೋ ಸಲ ಬೀಡಿಯೂ ವಾಪಸ್ ಇಲ್ಲ.

ಚಿಕ್ಕವಳಿದ್ದಾಗ ಅಮ್ಮನ ಜತೆ ಬ್ರಾಂಚಿಗೆ ಹೋಗುವುದೆಂದರೆ ನನಗೆ ಖುಷಿ, ದಾರಿಯಲ್ಲಿ ಐಸ್‌ಕ್ಯಾಂಡಿ ಸಿಗುತ್ತಿತ್ತು. ಒಮ್ಮೆ ಅಲ್ಲಿನವರು ಹತ್ತು ಕಟ್ಟು ಒಟ್ಟಿಗೇ ತೆಗೆದಿಟ್ಟರು. ಅಮ್ಮ ಮಾತಾಡಲಿಲ್ಲ. ಆ ದಿನ ಐಸ್‌ಕ್ಯಾಂಡಿಯೂ ಇಲ್ಲ. ಯಾಕೆಂದು ನನಗೆ ಅರ್ಥವಾದದ್ದು ಪಿಯುಸಿಯಲ್ಲಿ, ಹತ್ತು ಕಟ್ಟೆಂದರೆ 250 ಬೀಡಿ, 250 ಬೀಡಿಯೆಂದರೆ ಎಷ್ಟು ಹೊತ್ತಿನ ಕೆಲಸವೆಂದು ನಾನೇ ಕೂತು ಕಟ್ಟಿ ನೋಡಿದಾಗ.

ಹಾಗಂತ ಬೀಡಿಯಿಂದ ನಮಗೆ ಏನೂ ಸಿಗಲಿಲ್ಲ ಅಂದರೆ ಸುಳ್ಳಾಗುತ್ತದೆ. ಅಮ್ಮನಲ್ಲಿ ಲಾಗ್‌ಬುಕ್ ಉಂಟು, ಪಿ.ಎಫ್. ಉಂಟು. ಹೈಸ್ಕೂಲಿನಿಂದ ಡಿಗ್ರಿವರೆಗೆ ನನಗೆ ಬೀಡಿ ಕಾರ್ಮಿಕರ ಮಕ್ಕಳಿಗೆ ಸಿಗುವ ವಿದ್ಯಾರ್ಥಿವೇತನ ಬರುತ್ತಿತ್ತು. 1976ರಲ್ಲಿ ಆದ ಕಲ್ಯಾಣ ನಿಧಿ ಕಾಯ್ದೆಯ ಫಲ ಅದು. ಮಾರಾಟವಾಗುವ ಬೀಡಿಯ ಮೇಲೆ ಸಣ್ಣ ಸೆಸ್ ಹಾಕಿ, ಆ ಹಣದಲ್ಲಿ ಕಾರ್ಮಿಕರಿಗೆ ಆಸ್ಪತ್ರೆ, ಮನೆ, ಮಕ್ಕಳ ಓದು ಎಂದು ಏರ್ಪಾಡು. 2017ರಲ್ಲಿ ಜಿ.ಎಸ್.ಟಿ. ಬಂದಾಗ ಆ ಸೆಸ್ ರದ್ದಾಯಿತು. ಅರ್ಜಿ ತುಂಬುವಾಗ ಇದೆಲ್ಲ ಸರ್ಕಾರ ತಾನಾಗಿ ಕೊಟ್ಟದ್ದು ಎಂದೇ ನಾನು ಅಂದುಕೊಂಡಿದ್ದೆ. ಕಣ್ಣೂರಿಗೆ ಹೋಗಿ ಬರುವವರೆಗೆ.

ಕಣ್ಣೂರಿಗೆ ಹೋದದ್ದು ಮದುವೆಗೆ. ಮಂಗಳೂರಿನ ಕಾಲೇಜಿನಲ್ಲಿ ನನ್ನ ಬೆಂಚಿನಲ್ಲಿ ಕೂರುತ್ತಿದ್ದ ಗೆಳತಿಯ ಅಕ್ಕನ ಮದುವೆ. ಜೂನ್ ತಿಂಗಳು, ರೈಲು ಇಳಿದಾಗ ಸುರಿಯುತ್ತಿತ್ತು, ನನ್ನ ಕೊಡೆಯ ಕಡ್ಡಿ ಮುರಿದಿತ್ತು. ಗೆಳತಿ ಹತ್ತಿರದ ಅಂಗಡಿಗೆ ಎಳೆದುಕೊಂಡು ಹೋಗಿ ಒಂದು ಕೊಡೆ ಕೊಡಿಸಿದಳು. ಮೇಲೆ 'ದಿನೇಶ್' ಎಂಬ ಹೆಸರು. ಅಲ್ಲೇ ಶೆಲ್ಫಿನಲ್ಲಿ ದಿನೇಶ್ ಮಸಾಲೆ ಪುಡಿ, ದಿನೇಶ್ ಜಾಮ್. 'ಇದು ಬೀಡಿ ಕಂಪನಿ' ಎಂದಳು. ನನಗೆ ನಗು ಬಂತು. 'ಕಂಪನಿ ಅಲ್ಲ, ಅಜ್ಜನದ್ದು' ಎಂದು ತಿದ್ದಿದಳು.

ಅಜ್ಜ ನಿಜಕ್ಕೂ ಮನೆಯಲ್ಲಿದ್ದರು. ಎಪ್ಪತ್ತು ದಾಟಿದವರು, ಹೆಗಲ ಮೇಲೆ ಬೈರಾಸು, ಮದುವೆಮನೆಯ ಗದ್ದಲದ ನಡುವೆ ಪೇಪರ್ ಓದುತ್ತಾ ಕೂತಿದ್ದರು. ನಾನು ಮಂಗಳೂರಿನ ಕಡೆಯವಳು, ಅಮ್ಮ ಬೀಡಿ ಕಟ್ಟುತ್ತಾಳೆ ಎಂದು ಗೊತ್ತಾದದ್ದೇ ಪೇಪರ್ ಮಡಚಿಟ್ಟರು. ಅರ್ಧ ಮಲಯಾಳ, ಅರ್ಧ ಕನ್ನಡ, ಉಳಿದದ್ದನ್ನು ಗೆಳತಿ ಹೇಳಿದಳು: 'ನಿಮ್ಮ ಊರಿನವರೇ ನಮ್ಮನ್ನು ಬೀದಿಗೆ ಹಾಕಿದ್ದು ಮೋಳೆ. ಹಾಗಾಗಿ ನಾವು ಮುದಲಾಳಿಗಳಾದೆವು.'

ಊರಿಗೆ ಬಂದ ಮೇಲೆ ಲೈಬ್ರರಿಯಲ್ಲಿ ಹುಡುಕಿ ಓದಿದೆ. ಅರ್ಥಶಾಸ್ತ್ರಜ್ಞ, ಮುಂದೆ ಕೇರಳದ ಹಣಕಾಸು ಮಂತ್ರಿಯೂ ಆದ ಟಿ.ಎಂ. ಥಾಮಸ್ ಐಸಾಕ್ ಇನ್ನಿಬ್ಬರ ಜತೆ ಸೇರಿ ಈ ಸಂಘದ ಮೇಲೆ ಒಂದು ಪುಸ್ತಕವನ್ನೇ ಬರೆದಿದ್ದಾರೆ. ಅಜ್ಜ ಹೇಳಿದ್ದರಲ್ಲಿ ಉತ್ಪ್ರೇಕ್ಷೆ ಇರಲಿಲ್ಲ.

ಸಂಗತಿ ಹೀಗೆ. 1966ರಲ್ಲಿ ಸಂಸತ್ತು ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ ಮಾಡಿತು. ಕೆಲಸದ ಹೊತ್ತಿಗೆ ಮಿತಿ, ಸಂಬಳ ಸಹಿತ ರಜೆ, ಹೆರಿಗೆ ಸೌಲಭ್ಯ, ಎಲ್ಲವೂ ಅದರಲ್ಲಿತ್ತು. ಆದರೆ ಜಾರಿ ಮಾಡಬೇಕಾದವರು ರಾಜ್ಯಗಳು. ಕೇರಳದಲ್ಲಿ 1967ರಲ್ಲಿ ಬಂದ ಇ.ಎಂ.ಎಸ್. ನಂಬೂದಿರಿಪಾಡ್ ಸರ್ಕಾರ ಜಾರಿಗೆ ಹೊರಟಿತು. ಅದಕ್ಕೆ ಕಾರಣವೂ ಇತ್ತು. ಕಣ್ಣೂರಿನ ಬೀಡಿ ಕೆಲಸಗಾರರು 1930ರ ದಶಕದಿಂದಲೇ ಯೂನಿಯನ್ ಕಟ್ಟಿಕೊಂಡವರು. ಅವರು ಮನೆಮನೆಯಲ್ಲಿ ಅಲ್ಲ, ಶೆಡ್ಡುಗಳಲ್ಲಿ ಸಾಲಾಗಿ ಕೂತು ಬೀಡಿ ಕಟ್ಟುತ್ತಿದ್ದರು. ಒಬ್ಬ ಗಟ್ಟಿಯಾಗಿ ಪೇಪರ್ ಓದುತ್ತಿದ್ದ, ಉಳಿದವರು ಕೇಳುತ್ತಾ ಕಟ್ಟುತ್ತಿದ್ದರು. ಓದಿದವನ ಪಾಲಿನ ಬೀಡಿಯನ್ನು ಉಳಿದವರು ಕಟ್ಟಿ ಕೊಡುವುದು ಪದ್ಧತಿ. ಅಜ್ಜ ಮದುವೆಮನೆಯಲ್ಲೂ ಪೇಪರ್ ಬಿಡದೇ ಇದ್ದದ್ದು ಯಾಕೆಂದು ಆಗ ಹೊಳೆಯಿತು.

ಕಾಯ್ದೆ ಜಾರಿಯಾಗುತ್ತದೆ ಎಂದಾದಾಗ ಮಂಗಳೂರಿನ ಗಣೇಶ್ ಬೀಡಿ ಮೊದಲಾದ ಕಂಪನಿಗಳು 1968ರಲ್ಲಿ ಕಣ್ಣೂರಿನ ಕೆಲಸ ನಿಲ್ಲಿಸಿ ಬಾಗಿಲು ಹಾಕಿದವು. ಸುಮಾರು 12,000 ಜನರ ಕೆಲಸ ಹೋಯಿತು. ಯೂನಿಯನ್ ಗೆದ್ದಿತ್ತು, ಗೆದ್ದದ್ದಕ್ಕೇ ಕೆಲಸ ಇಲ್ಲವಾಗಿತ್ತು.

ನಾನು ಅರ್ಥಶಾಸ್ತ್ರ ಓದಿದವಳು. ಕೂಲಿ ಜಾಸ್ತಿ ಕೇಳಿದರೆ ಕೆಲಸವೇ ಹೋಗುತ್ತದೆ ಎಂಬ ಪಾಠ ನಮಗೆ ಪರೀಕ್ಷೆಗೆ ಬರುತ್ತದೆ, ಗ್ರಾಫ್ ಸಮೇತ. ಗ್ರಾಫಿನಲ್ಲಿ ಕತೆ ಅಲ್ಲಿಗೆ ಮುಗಿಯುತ್ತದೆ. ಕಣ್ಣೂರಿನಲ್ಲಿ ಮುಗಿಯಲಿಲ್ಲ. 1969ರ ಫೆಬ್ರುವರಿಯಲ್ಲಿ ಕೇರಳ ದಿನೇಶ್ ಬೀಡಿ ಕೆಲಸಗಾರರ ಕೇಂದ್ರ ಸಹಕಾರ ಸಂಘ ನೋಂದಣಿಯಾಯಿತು. ಸರ್ಕಾರ ಸಾಲ ಕೊಟ್ಟಿತು, ಕೆಲಸಗಾರರು ಷೇರುದಾರರಾದರು, ಜಿ.ಕೆ. ಪಣಿಕ್ಕರ್ ಎಂಬುವರು ಮೊದಲ ಅಧ್ಯಕ್ಷರು. ಊರೂರಿನ ಶೆಡ್ಡುಗಳು ಪ್ರಾಥಮಿಕ ಸಂಘಗಳಾದವು, ನಿರ್ದೇಶಕರನ್ನು ಕೆಲಸಗಾರರೇ ಓಟು ಹಾಕಿ ಆರಿಸುವ ವ್ಯವಸ್ಥೆ ಬಂತು. ಎಲ್ಲರನ್ನೂ ಒಮ್ಮೆಲೇ ಸೇರಿಸಿಕೊಳ್ಳಲು ಆಗಲಿಲ್ಲ. ವರ್ಷಗಳು ಹಿಡಿದವು. ಆದರೆ ಸಂಘ ಉಚ್ಛ್ರಾಯದಲ್ಲಿದ್ದಾಗ ಅಲ್ಲಿ 42,000 ಜನ ದುಡಿಯುತ್ತಿದ್ದರು. ಕೆಲಸ ಕಳೆದುಕೊಂಡವರ ಮೂರು ಪಟ್ಟಿಗೂ ಹೆಚ್ಚು. ಖಾಸಗಿಯವರಿಗಿಂತ ಹೆಚ್ಚಿನ ಕೂಲಿ, ಪಿ.ಎಫ್., ಗ್ರಾಚುಯಿಟಿ, ಬೋನಸ್, ಹೆರಿಗೆ ರಜೆ, ನಿವೃತ್ತರಿಗೆ ಪಿಂಚಣಿ. 'ನಮ್ಮ ಬೀಡಿಯನ್ನು ಬದಿಗೆ ಹಾಕುವವನೂ ನಾವು ಓಟು ಹಾಕಿದ ಸಂಘದವನೇ. ಸುಮ್ಮನೆ ಹಾಕಿದರೆ ಮುಂದಿನ ಸಲ ಅವನ ಸಂಘವೂ ಬದಿಗೆ' ಎಂದು ಅಜ್ಜ ಬೆರಳು ಝಾಡಿಸಿ ತೋರಿಸಿದ್ದರು.

ಗಡಿಯ ಈಚೆ, ನಮ್ಮ ಜಿಲ್ಲೆಯಲ್ಲಿ, ಅದೇ ಕಾಯ್ದೆಯ ಕತೆ ಬೇರೆ. ಬೀಡಿ ಮಾಲೀಕರು ಕಾಯ್ದೆಯೇ ಸಿಂಧುವಲ್ಲ ಎಂದು ಸುಪ್ರೀಂ ಕೋರ್ಟಿನವರೆಗೆ ಹೋದರು. 1974ರ ಜನವರಿಯಲ್ಲಿ ಕೋರ್ಟು ಕಾಯ್ದೆಯನ್ನು ಎತ್ತಿಹಿಡಿಯಿತು. ಮನೆಯಲ್ಲಿ ಕೂತು ಬೀಡಿ ಕಟ್ಟುವವರೂ ಕಾರ್ಮಿಕರೇ, ನಡುವೆ ಗುತ್ತಿಗೆದಾರ ಇದ್ದಾನೆಂದು ಮಾಲೀಕ ಕೈತೊಳೆದುಕೊಳ್ಳುವಂತಿಲ್ಲ ಎಂಬುದು ಗಟ್ಟಿಯಾಯಿತು. ಅಮ್ಮನ ಲಾಗ್‌ಬುಕ್, ಪಿ.ಎಫ್. ನಂಬರ್ ಎಲ್ಲ ಬಂದದ್ದು ಈ ದಾರಿಯಲ್ಲಿ, ನಮ್ಮ ಜಿಲ್ಲೆಯ ಎ.ಐ.ಟಿ.ಯು.ಸಿ., ಸಿ.ಐ.ಟಿ.ಯು. ಯೂನಿಯನ್‌ಗಳ ಮುಷ್ಕರ, ಮೆರವಣಿಗೆ, ಕೇಸುಗಳ ಮೂಲಕ. ನನ್ನ ಕಾಲೇಜು ಫೀಸಿನ ಹಿಂದೆ ನಾನು ಹೆಸರೂ ಕೇಳದ ಎಷ್ಟೋ ಜನರ ಓಡಾಟ ಇತ್ತು ಎಂದಾಯಿತು.

ಆದರೆ ಶೆಡ್ಡು ಇರಲಿಲ್ಲ. ಮನೆಮನೆಯಲ್ಲಿ ಹರಿದು ಹಂಚಿಹೋದ ಹೆಂಗಸರು ಒಬ್ಬರಿಗೊಬ್ಬರು ಸಿಗುವುದು ಬ್ರಾಂಚಿನ ಸಾಲಿನಲ್ಲಿ ಮಾತ್ರ, ಅದೂ ಒಲೆಯ ಮೇಲೆ ಅನ್ನ ಇಟ್ಟು ಬಂದವರ ಅವಸರದಲ್ಲಿ. ಅಮ್ಮನ ಹತ್ತಿರ ಯೂನಿಯನ್ ಬಗ್ಗೆ ಕೇಳಿದೆ. 'ವರ್ಷಕ್ಕೊಮ್ಮೆ ರಶೀದಿ ಹರಿಯಲಿಕ್ಕೆ ಬರ್ತಾರೆ. ಬೋನಸ್ ಹೊತ್ತಿಗೆ ಒಂದು ಮೀಟಿಂಗ್. ನಾನು ಹೋಗ್ಲಿಲ್ಲ, ಹೋದ್ರೆ ಆ ದಿನದ ಇನ್ನೂರು ಬೀಡಿ ಹೋಯ್ತಲ್ಲ' ಎಂದಳು. ತಪ್ಪು ಅಮ್ಮನದ್ದೂ ಅಲ್ಲ, ಪೂರ್ತಿ ಅವರದ್ದೂ ಅಲ್ಲ. ಆದರೆ ಸದಸ್ಯೆಯ ಮನೆಗೆ ರಶೀದಿ ಪುಸ್ತಕ ಮಾತ್ರ ಬರುವ ಯೂನಿಯನ್ನಿಗೂ, ದಿನವೂ ಪೇಪರ್ ಓದಿಸಿ ವಾದ ಮಾಡುತ್ತಿದ್ದ ಶೆಡ್ಡಿಗೂ ಅಜಗಜಾಂತರ.

ದಿನೇಶ್ ಸಂಘವನ್ನು ಸ್ವರ್ಗ ಮಾಡಿ ತೋರಿಸುವುದೂ ನನಗೆ ಬೇಡ. ಅಲ್ಲಿ ಈಗ ಬೀಡಿ ಕಟ್ಟುವವರು ಹಿಂದಿನ ಸಂಖ್ಯೆಯ ಸಣ್ಣ ಪಾಲು. ಬೀಡಿ ಸೇದುವವರು ಕಡಿಮೆಯಾದರು. 2008ರಲ್ಲಿ ಸಾರ್ವಜನಿಕ ಜಾಗದಲ್ಲಿ ಧೂಮಪಾನ ನಿಷೇಧವಾಯಿತು, 2016ರಿಂದ ಪ್ಯಾಕಿನ ಶೇ 85 ಭಾಗದಲ್ಲಿ ಎಚ್ಚರಿಕೆಯ ಚಿತ್ರ ಬಂತು. ಅದು ಆಗಬೇಕಾದದ್ದೇ. ಬೀಡಿ ಸೇದಿ ಸೇದಿ ಶ್ವಾಸಕೋಶ ಕೆಡಿಸಿಕೊಂಡ ನನ್ನ ಅಜ್ಜನನ್ನು ನೆನೆದರೆ ಈ ಉದ್ಯಮ ಉಳಿಯಲಿ ಎಂದು ಹೇಳಲು ಬಾಯಿ ಬರುವುದಿಲ್ಲ. ಇನ್ನೊಂದು ಪೆಟ್ಟು ಬಿದ್ದದ್ದು ನಮ್ಮಂಥ ಕಡೆಯಿಂದಲೇ. ದಿನೇಶ್ ನ್ಯಾಯವಾದ ಕೂಲಿ ಕೊಟ್ಟು ಬೀಡಿ ಮಾಡಿದರೆ, ಬೇರೆಲ್ಲೋ ಮನೆಗಳಲ್ಲಿ ಕಡಿಮೆ ಮಜೂರಿಗೆ ಕಟ್ಟಿಸಿದ ಬೀಡಿ ಅದೇ ಗೂಡಂಗಡಿಯಲ್ಲಿ ಅದರ ಪಕ್ಕ ಕಡಿಮೆ ಬೆಲೆಗೆ ಕೂರುತ್ತದೆ. ಸಹಕಾರ ಸಂಘಕ್ಕೆ ಓಡಿಹೋಗುವ ಮಾಲೀಕನ ಹೆದರಿಕೆ ಇಲ್ಲ, ಸರಿ. ಮಾರುಕಟ್ಟೆಯ ಹೆದರಿಕೆ ಇದ್ದೇ ಇದೆ. ಗಡಿಯಾಚೆಯ ಯೂನಿಯನ್ ಸೋತರೆ ಈಚೆಯ ಸಂಘ ಬಡವಾಗುತ್ತದೆ. ಪುಸ್ತಕ ಓದುವಾಗ ಅಮ್ಮನ ಮೊರ ಅಜ್ಜನ ಶೆಡ್ಡಿನ ಎದುರಾಳಿಯಾಗಿತ್ತು ಎಂದು ಅನ್ನಿಸಿ ಒಂದು ಕ್ಷಣ ಕಸಿವಿಸಿಯಾಯಿತು.

ಆದರೂ ನೋಡಿ, ಬೀಡಿ ಇಳಿಯುತ್ತಿದೆ ಎಂದು ಗೊತ್ತಾದಾಗ ದಿನೇಶ್‌ನವರು 1990ರ ದಶಕದ ಕೊನೆಯಿಂದ ಕೊಡೆ, ಆಹಾರ ಪದಾರ್ಥ, ಸಿದ್ಧ ಉಡುಪು, ಸಾಫ್ಟ್‌ವೇರ್ ಕೆಲಸ ಎಂದು ಬೇರೆ ದಾರಿಗಳಿಗೆ ಕೈಹಾಕಿದರು. ಎಲ್ಲರಿಗೂ ಕೆಲಸ ಸಿಕ್ಕಿತೆಂದಲ್ಲ. ಆದರೆ ಬೀಡಿ ಮುಗಿದರೆ ಕಟ್ಟುವವರ ಗತಿ ಏನು ಎಂಬ ಪ್ರಶ್ನೆ ಅಲ್ಲಿ ಆಡಳಿತ ಮಂಡಳಿಯ ಮೇಜಿಗೆ ಬಂತು, ಯಾಕೆಂದರೆ ಮಂಡಳಿಯಲ್ಲಿ ಕೂತವರನ್ನು ಆರಿಸಿದ್ದು ಕಟ್ಟುವವರೇ. ನಮ್ಮ ಹಳ್ಳಿಯಲ್ಲಿ ವಾರಕ್ಕೆ ಆರು ದಿನ ಇದ್ದ ಕೆಲಸ ಮೂರು ದಿನಕ್ಕಿಳಿದರೆ, ಅದು ಬ್ರಾಂಚಿನವರ 'ಎಲೆ ಬರಲಿಲ್ಲ' ಎಂಬ ಒಂದೇ ಮಾತಿನಲ್ಲಿ ಗೊತ್ತಾಗುತ್ತದೆ.

ಕಳೆದ ವರ್ಷ ಡಿಗ್ರಿ ಮುಗಿಸಿ ಇಂಟರ್‌ವ್ಯೂಗೆಂದು ಬೆಂಗಳೂರಿಗೆ ಹೋದೆ. ಅಣ್ಣ ಅಲ್ಲಿ ಆ್ಯಪ್‌ನಲ್ಲಿ ಊಟ ಡೆಲಿವರಿ ಮಾಡುತ್ತಾನೆ. ಕೆಲಸ ಸಿಗಲಿಲ್ಲ, ಸಮಾಧಾನಕ್ಕೆ ಚರ್ಚ್ ಸ್ಟ್ರೀಟಿನ ಇಂಡಿಯಾ ಕಾಫಿ ಹೌಸ್‌ಗೆ ಕರೆದೊಯ್ದ. ಪೇಟ ಕಟ್ಟಿದ, ಬಿಳಿ ಉಡುಪಿನವರು ದೋಸೆ ತಂದಿಟ್ಟರು. ಅದೂ ಕೆಲಸಗಾರರ ಸಹಕಾರ ಸಂಘದ್ದೇ ಎಂದಾಗ ಅಣ್ಣ ನಂಬಲಿಲ್ಲ. ಮೊದಲು ಆ ಹೋಟೆಲುಗಳು ಕಾಫಿ ಬೋರ್ಡಿನವು. 1950ರ ದಶಕದಲ್ಲಿ ಬೋರ್ಡು ಅವನ್ನು ಮುಚ್ಚಲು ಹೊರಟಾಗ ಸಪ್ಲೈಯರ್‌ಗಳು, ಅಡುಗೆಯವರು ಬೀದಿಗೆ ಬೀಳುವುದರಲ್ಲಿದ್ದರು. ಎ.ಕೆ. ಗೋಪಾಲನ್ ಅವರ ಮುಂದಾಳತ್ವದಲ್ಲಿ ಅವರ ಯೂನಿಯನ್ನೇ ಸಹಕಾರ ಸಂಘಗಳಿಗೆ ದಾರಿ ಮಾಡಿತು. ಅವುಗಳಲ್ಲಿ ಮೊದಲನೆಯದು ಹುಟ್ಟಿದ್ದು ಇದೇ ಬೆಂಗಳೂರಿನಲ್ಲಿ, 1957ರ ಆಗಸ್ಟ್ 19ರಂದು. ಕಣ್ಣೂರಿನಂತೆ ಇಲ್ಲೂ ಮೊದಲು ಯೂನಿಯನ್, ಆಮೇಲೆ ಸಂಘ. ಒಟ್ಟಿಗೆ ಕೂತು ಜಗಳಾಡಿ ಅಭ್ಯಾಸವಿದ್ದವರಿಗಷ್ಟೇ ಒಟ್ಟಿಗೆ ಅಂಗಡಿ ನಡೆಸಲು ಬಂತೋ ಏನೋ.

ಅಭ್ಯಾಸ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ನನ್ನ ಚಿಕ್ಕಮ್ಮ ಸಾಕ್ಷಿ. ಹೊಸೂರು ರಸ್ತೆ ಕಡೆಯ ಗಾರ್ಮೆಂಟ್ಸ್‌ನಲ್ಲಿ ಟೈಲರ್ ಆಗಿದ್ದಳು. ಪಿ.ಎಫ್.ನ ಪೂರ್ತಿ ಹಣವನ್ನು 58 ವರ್ಷದವರೆಗೆ ತೆಗೆಯುವಂತಿಲ್ಲ ಎಂಬ ಕೇಂದ್ರದ ನಿಯಮದ ವಿರುದ್ಧ 2016ರ ಏಪ್ರಿಲ್ 18, 19ರಂದು ಸಾವಿರಾರು ಗಾರ್ಮೆಂಟ್ಸ್ ಹೆಂಗಸರು ಬೆಂಗಳೂರಿನ ರಸ್ತೆಗಳನ್ನು ತುಂಬಿದರಲ್ಲ, ಅವರಲ್ಲಿ ಅವಳೂ ಇದ್ದಳು. ಯಾರು ಕರೆ ಕೊಟ್ಟರೆಂದು ಅವಳಿಗೆ ಇವತ್ತಿಗೂ ಗೊತ್ತಿಲ್ಲ. ಎರಡನೇ ದಿನ ಸರ್ಕಾರ ನಿಯಮ ವಾಪಸ್ ಪಡೆಯಿತು. ಅಷ್ಟರಲ್ಲಿ ಬಸ್ಸಿಗೆ ಬೆಂಕಿ ಬಿದ್ದಿತ್ತು, ಲಾಠಿ ಬೀಸಿತ್ತು, ಎಷ್ಟೋ ಜನರ ಮೇಲೆ ಕೇಸಾಗಿತ್ತು. ಮೂರನೇ ದಿನ ಎಲ್ಲರೂ ಅದೇ ಮಷಿನ್ ಮುಂದೆ, ಅದೇ ಸಂಬಳಕ್ಕೆ.

ಕಾಫಿ ಹೌಸಿನಲ್ಲಿ ಅಣ್ಣ ಹೇಳಿದ ಕತೆ ಕೇಳಿ ನನಗೆ ಬ್ರಾಂಚು ನೆನಪಾಯಿತು. ಅವನಿಗೂ ಮಜೂರಿ ಆರ್ಡರಿಗೆ ಇಷ್ಟು ಅಂತ. ಬೈಕು, ಪೆಟ್ರೋಲು ಅವನದ್ದೇ. ಯಾರೋ ಗಿರಾಕಿ ದೂರು ಕೊಟ್ಟರೆಂದು ಒಂದು ರಾತ್ರಿ ಐಡಿ ಬ್ಲಾಕ್ ಆಯಿತು, ಒಂಬತ್ತು ದಿನ ಕೆಲಸವಿಲ್ಲ. ಕೇಳೋಣವೆಂದರೆ ಎದುರಿಗೆ ಮನುಷ್ಯನೇ ಇಲ್ಲ. ಬೀಡಿ ಬದಿಗೆ ಹಾಕುವವರಿಗೆ ಕನಿಷ್ಠ ಮುಖ ಇತ್ತು! ಕರ್ನಾಟಕದಲ್ಲಿ 2025ರಲ್ಲಿ ಗಿಗ್ ಕಾರ್ಮಿಕರ ಕಾಯ್ದೆ ಬಂದಿದೆ. ಪ್ರತಿ ವಹಿವಾಟಿನ ಮೇಲೆ ಕಂಪನಿಗಳಿಂದ ಶೇ 1ರಿಂದ 5ರವರೆಗೆ ಕಲ್ಯಾಣ ಶುಲ್ಕ, ಕೆಲಸದಿಂದ ತೆಗೆಯುವ ಮುಂಚೆ ಕಾರಣ ಕೊಟ್ಟು ನೋಟಿಸ್, ದೂರು ಕೇಳುವ ವ್ಯವಸ್ಥೆ ಎಲ್ಲ ಅದರಲ್ಲಿದೆ. ಬೀಡಿ ಸೆಸ್ಸಿನ ಚಿಕ್ಕಪ್ಪನ ಮಗನಂತಿದೆ ಆ ಶುಲ್ಕ. ಆಟೊ ಚಾಲಕರ ಯೂನಿಯನ್ ಮುಂದೆ ನಿಂತು ಶುರುವಾದ 'ನಮ್ಮ ಯಾತ್ರಿ' ಆ್ಯಪ್ ಕೂಡ ಇದೇ ಊರಿನದ್ದು. ಅದು ಸಹಕಾರ ಸಂಘವಲ್ಲ, ಆದರೆ ಕಮಿಷನ್ ಇಲ್ಲದೆ ಆ್ಯಪ್ ನಡೆಸಬಹುದೆಂದು ತೋರಿಸಿತು. ಅಣ್ಣನಿಗೆ ಯೂನಿಯನ್ ಸೇರು ಎಂದೆ. 'ಅವರೂ ರಶೀದಿ ಹರಿಯುತ್ತಾರೆ ಅಷ್ಟೇ' ಎಂದ. ಅಮ್ಮನ ಮಗನಲ್ಲವೇ! ವಾರ ಬಿಟ್ಟು ಫೋನ್ ಮಾಡಿ, ಅವನ ಏರಿಯಾದ ಹುಡುಗರು ವಾಟ್ಸ್‌ಆ್ಯಪ್ ಗುಂಪು ಮಾಡಿದ್ದಾರೆ, ಭಾನುವಾರ ಚಹಾ ಅಂಗಡಿಯಲ್ಲಿ ಸೇರುತ್ತಾರೆ, ಸುಮ್ಮನೆ ನೋಡಿ ಬರುತ್ತೇನೆ ಎಂದ.

ಇನ್ನು ಅಮ್ಮನ ಸಂಗತಿ. 1974ರ ಆ ತೀರ್ಪಿನಲ್ಲಿ ಮೈಸೂರು ರಾಜ್ಯದ ಒಂದು ನಿಯಮದ ವಿಚಾರವೂ ಇತ್ತು: ಕೆಟ್ಟ ಬೀಡಿಯೆಂದು ಸಾಮಾನ್ಯವಾಗಿ ನೂರಕ್ಕೆ ಐದಕ್ಕಿಂತ ಹೆಚ್ಚು ತೆಗೆದಿಡುವಂತಿಲ್ಲ. 1966ರ ಕಾಯ್ದೆಯೇ ಈಗ 2020ರ ಕಾರ್ಮಿಕ ಸಂಹಿತೆಯೊಳಗೆ ಸೇರಿಹೋಗಿದೆ. ಆದರೂ ಈ ಐದರ ಲೆಕ್ಕ ನಮ್ಮ ಬ್ರಾಂಚಿನಲ್ಲಿ ಯಾರಿಗೂ ಯಾವತ್ತೂ ಗೊತ್ತಿರಲಿಲ್ಲ. ಕಣ್ಣೂರಿನ ಕೊಡೆಯನ್ನು ಅಮ್ಮನಿಗೆ ಕೊಟ್ಟು, ಕತೆ ಹೇಳುತ್ತಾ ಇದನ್ನೂ ಹೇಳಿದ್ದೆ. 'ಬೀಡಿಯವರು ಕೊಡೆ ಮಾಡ್ತಾರಾ ಮಾರಾಯ್ತಿ' ಎಂದು ಅವಳು ಕೊಡೆಯನ್ನೇ ತಿರುಗಿಸಿ ತಿರುಗಿಸಿ ನೋಡಿದಳು. ಉಳಿದದ್ದು ಕಿವಿಗೆ ಬಿತ್ತೋ ಇಲ್ಲವೋ ಅಂದುಕೊಂಡೆ.

ಮರುವಾರ ಬ್ರಾಂಚಿನಲ್ಲಿ ಅಮ್ಮನ 40 ಕಟ್ಟಿನಲ್ಲಿ ಐದನ್ನು ತೆಗೆದಿಟ್ಟರಂತೆ. 'ಎರಡಕ್ಕಿಂತ ಜಾಸ್ತಿ ತೆಗೀಲಿಕ್ಕಿಲ್ಲ ಅಂತ ಉಂಟಲ್ಲ' ಎಂದಳಂತೆ ಅಮ್ಮ. ಅವರು ತಲೆಯೆತ್ತಿ, 'ಯಾರು ಹೇಳಿದ್ದು?' ಅಂದರು. ಅಮ್ಮ ಬಾಯಿ ತೆರೆಯುವ ಮೊದಲೇ ಹಿಂದೆ ನಿಂತ ಲಲಿತಕ್ಕ, 'ಹೌದು, ಉಂಟು' ಅಂದಳು. ಲಲಿತಕ್ಕನಿಗೆ ಏನೂ ಗೊತ್ತಿರಲಿಲ್ಲ. ಸಾಲಿನಲ್ಲಿದ್ದ ಇನ್ನಿಬ್ಬರೂ 'ಉಂಟು, ಉಂಟು' ಅಂದರು. ಅವರು ಗೊಣಗುತ್ತಾ ಎರಡು ಕಟ್ಟು ವಾಪಸ್ ಇಟ್ಟರು. ಮೂರು ಅವರ ಹತ್ತಿರವೇ ಉಳಿದವು.

'ಇನ್ನೊಂದು ಬರ್ಬೇಕಿತ್ತಲ್ಲ ಅಮ್ಮ' ಎಂದೆ ನಾನು.

'ಬರುವ ವಾರ ಕೇಳುವ' ಎಂದಳು. 'ಲಲಿತನಿಗೆ ಆ ನಿಯಮ ಎಂತದ್ದು ಅಂತ ಗೊತ್ತಾಗ್ಬೇಕಂತೆ. ನಾಡಿದ್ದು ಸಂಜೆ ನಾಲ್ಕು ಜನ ಬರ್ತಾರೆ, ನೀನು ಒಂದು ಹಾಳೆಯಲ್ಲಿ ಬರೆದಿಡು. ಚಹಾಕ್ಕೆ ಹಾಲು ತರ್ಬೇಕು.'